ಫ್ಯಾಂಟಮ್ ಆದಮೇಲೆ ಮೈಕಲ್ ಕ್ರಾಫರ್ಡ್ ಎಲ್ಲಿ ಹೋದ?

ಅರೆಗಾಯಕ
ಮೊನ್ನೆ ಭಾನುವಾರ ಮಗಳ ಜೊತೆ 'ವಾಲ್-ಈ' ನೋಡುತ್ತಿದ್ದೆ. ಆ ಪುಟ್ಟ ಕಸದ ರೋಬೋ ಹಳೇ ಟೇಪ್ ಹಾಕಿಕೊಂಡು ಹಾಡು ನೋಡುತ್ತದಲ್ಲ, ಅದರಲ್ಲಿ ಹಾಡ್ತಿರೋದು ಯಾರು ಅಂತ ಮಗಳು ಕೇಳಿದಳು. ಗೊತ್ತಿರಲಿಲ್ಲ. ಫೋನಲ್ಲಿ ಹುಡುಕಿದರೆ ಅದು 1969ರ 'ಹಲೋ, ಡಾಲಿ!' ಸಿನಿಮಾ, ಹಾಡಿದವನು ಮೈಕಲ್ ಕ್ರಾಫರ್ಡ್. ನನಗೆ ತಲೆ ಗಿರ್ ಅಂದಿತು. ಯಾಕಂದ್ರೆ ನಮ್ಮ ಮನೆಯಲ್ಲಿ 'ಫ್ಯಾಂಟಮ್ ಆಫ್ ದಿ ಆಪೆರಾ' ಕ್ಯಾಸೆಟ್ ಇತ್ತು, ಕಾಲೇಜಲ್ಲಿದ್ದಾಗ ಟೇಪು ಸವೆಯುವಷ್ಟು ಕೇಳಿದ್ದೇನೆ, ಅದೇ ಮನುಷ್ಯನ ದನಿ ಇದು ಅಂತ ಗುರುತೇ ಸಿಗಲಿಲ್ಲ!

ನನ್ನ ಪ್ರಶ್ನೆ ಇಷ್ಟೇ. 1986ರಲ್ಲಿ ಜಗತ್ತಿನಲ್ಲೇ ದೊಡ್ಡ ಸಂಗೀತ ನಾಟಕದ ಮುಖ್ಯ ಪಾತ್ರವನ್ನು ಮೊದಲು ಮಾಡಿದವನು. ಆಮೇಲೆ ಏನಾದ? ಒಂದು ಪಾತ್ರ ಒಬ್ಬ ನಟನನ್ನು ನುಂಗಿಬಿಡುತ್ತದೆ ಅಂತಾರಲ್ಲ, ಇದು ಆ ಕೇಸಾ? ತಿಳಿದವರು ಹೇಳಿ.

ತೆರೆಮರೆ
ನುಂಗಿತು, ಆದರೆ ಒಂದು ಪಾತ್ರ ಅಲ್ಲ, ಎರಡು. ಇಂಗ್ಲೆಂಡಿನಲ್ಲಿ ಐವತ್ತು ದಾಟಿದ ಯಾರನ್ನಾದರೂ ಕ್ರಾಫರ್ಡ್ ಯಾರು ಅಂತ ಕೇಳಿ ನೋಡಿ. ಅರ್ಧ ಜನ ಫ್ಯಾಂಟಮ್ ಅನ್ನಲ್ಲ, "ಫ್ರಾಂಕ್ ಸ್ಪೆನ್ಸರ್" ಅಂತಾರೆ. ಬಿಬಿಸಿಯಲ್ಲಿ 1973ರಿಂದ 78ರವರೆಗೆ ಮೂರು ಸರಣಿ ಬಂದ ಹಾಸ್ಯ ಧಾರಾವಾಹಿ. ತಲೆಗೊಂದು ಬೆರೆಟ್ ಟೋಪಿ, ಮೈಮೇಲೊಂದು ಮಳೆಕೋಟು, ಮುಟ್ಟಿದ್ದೆಲ್ಲ ಮುರಿಯೋ ಪೆದ್ದ. ಆ ಪಾತ್ರ ಮೊದಲು ರಾನಿ ಬಾರ್ಕರ್‌ಗೂ ನಾರ್ಮನ್ ವಿಸ್ಡಮ್‌ಗೂ ಹೋಗಿತ್ತು, ಇಬ್ಬರೂ ಬೇಡ ಅಂದರು. ಇವನು ಹಿಡಿದ.

ರಾಗಿಮುದ್ದೆ77
ಅಯ್ಯೋ ಹೌದು, ರೋಲರ್ ಸ್ಕೇಟ್ ಹಾಕಿಕೊಂಡು ಓಡುವ ಲಾರಿ ಕೆಳಗೆ ತೂರಿ ಹೋಗ್ತಾನಲ್ಲ! ಆ ತುಣುಕು ವಾಟ್ಸಾಪಲ್ಲಿ ನೂರು ಸಲ ಬಂದಿದೆ. ಅದು ಫ್ಯಾಂಟಮ್ ಮಾಡಿದವನಾ? ಸುಮ್ನೆ ಹೇಳ್ತಿಲ್ಲ ತಾನೇ?

ತೆರೆಮರೆ
ಅವನೇ. ಡೂಪ್ ಇಲ್ಲದೆ. ಬಂಡೆಯ ಅಂಚಿನಿಂದ ಕಾರು ನೇತಾಡುವಾಗ ಅದರ ಹಿಂಬದಿ ಹಿಡಿದುಕೊಂಡು ತೂಗಾಡುತ್ತಿರುವುದೂ ಅವನೇ.

ಶಿಸ್ತಿನಸಿಪಾಯಿ
1942ರಲ್ಲಿ ಹುಟ್ಟಿದ ಹಿರಿಯರು. "ಹೋದ", "ಅವನು", "ಮಾಡಿದ" ಅಂತೆಲ್ಲ ಬರೆಯುತ್ತಿದ್ದೀರಿ. ಸ್ವಲ್ಪ ಮರ್ಯಾದೆ ಕೊಟ್ಟು ಬರೆಯಬಹುದಲ್ವಾ?

ರಾಗಿಮುದ್ದೆ77
ಸರ್, ಮೆಚ್ಚಿದ ನಟನಿಗೆ ಏಕವಚನವೇ ಮರ್ಯಾದೆ. ನಮ್ಮ ರಾಜಣ್ಣನಿಗೆ ಯಾರಾದರೂ "ಅವರು ಬಂದರು" ಅಂತ ಶಿಳ್ಳೆ ಹೊಡೆದಿದ್ದಾರಾ?

ಸ್ವರಸಂಶಯ
ನಾನು ಸ್ವಲ್ಪ ಉಲ್ಟಾ ಮಾತಾಡ್ತೀನಿ, ಬೈಬೇಡಿ. ಕ್ರಾಫರ್ಡ್ ಒಬ್ಬ ಒಳ್ಳೆಯ ಹಾಸ್ಯನಟ, ಅಷ್ಟೇ. ಫ್ಯಾಂಟಮ್ ಸಿಕ್ಕಿದ್ದು ಅದೃಷ್ಟ. ಆ ದನಿ ತೆಳು, ಮೂಗಿನ ಗಾಳಿ ಜಾಸ್ತಿ. ಆಮೇಲೆ ಬಂದವರನ್ನು ಕೇಳಿ, 2011ರಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನ 25ನೇ ವರ್ಷದ ಪ್ರದರ್ಶನದಲ್ಲಿ ರಮೀನ್ ಕರೀಮ್ಲೂ ಹಾಡಿದ್ದು ಕೇಳಿ. ಅದು ದನಿ ಅಂದ್ರೆ. ಮೈಕ್ ಇಲ್ಲದಿದ್ದರೆ ಕ್ರಾಫರ್ಡ್ ಮೂರನೇ ಸಾಲಿಗೂ ಕೇಳಿಸುತ್ತಿರಲಿಲ್ಲ. ನಮ್ಮ ಕಂಪನಿ ನಾಟಕದವರು ಮೈಕೇ ಇಲ್ಲದೆ ಇಡೀ ಟೆಂಟಿಗೆ ಕೇಳುವ ಹಾಗೆ ಹಾಡುತ್ತಿದ್ದರು.

ಪಿಟೀಲು_ಮೇಡಂ
ಅದೃಷ್ಟ ಅಂತ ಒಂದೇ ಮಾತಲ್ಲಿ ತೇಲಿಸಬೇಡಿ. ಅವನು ಹಾಡಿನಿಂದಲೇ ಶುರು ಮಾಡಿದವನು. ಹುಡುಗನಾಗಿದ್ದಾಗ ಇಂಗ್ಲಿಷ್ ಸಂಗೀತ ರಚನೆಕಾರ ಬೆಂಜಮಿನ್ ಬ್ರಿಟನ್‌ನ ಆಪೆರಾಗಳಲ್ಲಿ ಹಾಡುತ್ತಿದ್ದ. 1958ರಲ್ಲಿ ಸಫೋಕ್‌ನ ಓರ್ಫರ್ಡ್ ಚರ್ಚಿನಲ್ಲಿ ಬ್ರಿಟನ್‌ನ 'ನೋಯೀಸ್ ಫ್ಲಡ್' ಮೊದಲ ಸಲ ಆಡಿದಾಗ ನೋಹನ ಮಗ ಜಾಫೆಟ್ ಆಗಿ ಹಾಡಿದ್ದು ಇದೇ ಹುಡುಗ. ಆಗ ಹದಿನಾರು ವರ್ಷ.

ಫ್ಯಾಂಟಮ್ ಸಿಕ್ಕಿದ ಕಥೆಯೂ ಹಾಗೆಯೇ. ದೊಡ್ಡವನಾದ ಮೇಲೂ ಅವನು ಇಯಾನ್ ಆ್ಯಡಮ್ ಅನ್ನುವ ಗುರುಗಳ ಹತ್ತಿರ ಪಾಠ ಬಿಟ್ಟಿರಲಿಲ್ಲ. ಫ್ಯಾಂಟಮ್‌ನ ನಾಯಕಿ ಆದ ಸಾರಾ ಬ್ರೈಟ್‌ಮನ್‌ಗೂ ಅವರೇ ಗುರು. ಒಂದು ದಿನ ಅವಳು ಪಾಠಕ್ಕೆ ಬಂದಾಗ ಒಳಗೆ ಯಾರೋ ಹ್ಯಾಂಡಲ್‌ನ ರಚನೆ ಹಾಡುತ್ತಿದ್ದರು. ಜೊತೆಗೆ ಗಂಡ ಆಂಡ್ರ್ಯೂ ಲಾಯ್ಡ್ ವೆಬರ್ ಇದ್ದ, ಫ್ಯಾಂಟಮ್‌ಗೆ ಸಂಗೀತ ಕೊಟ್ಟವನು. ಯಾರಿದು ಅಂದರೆ ಟೀವಿಯ ಫ್ರಾಂಕ್ ಸ್ಪೆನ್ಸರ್! ಅದಕ್ಕೂ ಮೊದಲು ಫ್ಯಾಂಟಮ್ ಪಾತ್ರ ರಾಕ್ ಗಾಯಕ ಸ್ಟೀವ್ ಹಾರ್ಲಿ ಕೈಯಲ್ಲಿತ್ತು, 1986ರ ಶುರುವಿನಲ್ಲಿ ಅವನ ದನಿಯಲ್ಲೇ ಹಾಡಿನ ರೆಕಾರ್ಡೂ ಬಂದಾಗಿತ್ತು. ಅವನನ್ನು ಬಿಟ್ಟು ಇವನನ್ನು ತಂದರು. ಗುರುಗಳ ಮನೆ ಬಾಗಿಲಲ್ಲಿ ಕೇಳಿಸಿಕೊಂಡದ್ದು ಅದೃಷ್ಟ ಇರಬಹುದು, ಒಳಗೆ ಹಾಡುತ್ತಾ ಇದ್ದದ್ದು ಅದೃಷ್ಟ ಅಲ್ಲ.

ಸ್ವರಸಂಶಯ
ಮೇಡಂ, ಕಥೆ ಚೆನ್ನಾಗಿದೆ, ಒಪ್ಪಿದೆ. ದನಿ ತೆಳು ಅನ್ನೋದಕ್ಕೆ ಉತ್ತರ ಬರಲಿಲ್ಲ.

ಪಿಟೀಲು_ಮೇಡಂ
ತೆಳುವೇ. ಅದೇ ಅದರ ಗುಟ್ಟು. ಫ್ಯಾಂಟಮ್ ಹಾಡುವ 'ಮ್ಯೂಸಿಕ್ ಆಫ್ ದಿ ನೈಟ್' ಇನ್ನೊಮ್ಮೆ ಕೇಳಿ. ಮೇಲಿನ ಸ್ವರಕ್ಕೆ ಹೋಗುವಾಗ ಉಳಿದವರು ಎದೆ ತುಂಬಿ ಹಿಡಿಯುತ್ತಾರೆ, ಚಪ್ಪಾಳೆ ಗ್ಯಾರಂಟಿ. ಇವನು ಅಲ್ಲಿ ದನಿಯನ್ನು ನೂಲಿನ ಹಾಗೆ ಎಳೆಯುತ್ತಾನೆ. ಜೋಗುಳ ಹಾಡುವವರ ಥರ. ನೆಲಮಾಳಿಗೆಯಲ್ಲಿ ಹೆಂಗಸೊಬ್ಬಳನ್ನು ಮಾತಲ್ಲಿ ಕಟ್ಟಿಹಾಕುವ ಹುಚ್ಚ ಯಾಕೆ ಕಿರುಚಬೇಕು? ಮೆಲ್ಲಗೆ ಹಾಡಿದ್ದಕ್ಕೇ ಭಯ ಆಗೋದು. ಕರೀಮ್ಲೂ ಒಳ್ಳೆಯ ಗಾಯಕ, ಅದರಲ್ಲಿ ಎರಡು ಮಾತಿಲ್ಲ, ಆದರೆ ಆತನ ಫ್ಯಾಂಟಮ್ ನೋಡಿದರೆ ನನಗೆ ಪ್ರೀತಿ ಬರುತ್ತೆ, ಹೆದರಿಕೆ ಬರಲ್ಲ.

ಲಂಡನ್_ಮಳೆ
ಮೈಕಿನ ವಿಷಯ ಬಂದಿದ್ದಕ್ಕೆ ಹೇಳ್ತೀನಿ. ಅವನ ಮುಖದ ಅರ್ಧಕ್ಕೆ ಅಂಟಿಸುತ್ತಿದ್ದ ಕೃತಕ ಚರ್ಮ ಕ್ರಿಸ್ಟೋಫರ್ ಟಕರ್ ಮಾಡಿದ್ದು, 'ಎಲಿಫೆಂಟ್ ಮ್ಯಾನ್' ಸಿನಿಮಾದ ಮುಖ ಮಾಡಿದವರೇ. ಹಚ್ಚೋದಕ್ಕೆ ದಿನಾ ಎರಡು ಗಂಟೆ ಸುಮಾರು. ಒಂದು ಕಣ್ಣಿಗೆ ಬಿಳಿ ಲೆನ್ಸ್. ಅದರ ಮೇಲೆ ಮುಖವಾಡ, ವಿಗ್ಗು, ಮೈಕು. ಅಷ್ಟೆಲ್ಲ ಹೊತ್ತುಕೊಂಡು, ಸರಿಯಾಗಿ ಕಣ್ಣು ಕಾಣದೆ, ಹೊಗೆಯಲ್ಲಿ ದೋಣಿ ಇಳಿದು ಹಾಡಬೇಕು. ಅದೂ ವಾರಕ್ಕೆ ಎಂಟು ಆಟದ ಲೆಕ್ಕದಲ್ಲಿ. ಮೂರನೇ ಸಾಲಿಗೆ ಕೇಳಿಸುತ್ತಿರಲಿಲ್ಲ ಅನ್ನೋದು ಸುಲಭ ಸ್ವಾಮಿ.

ಮತ್ತೆ ಇನ್ನೊಂದು ಮಜಾ. ಪೋಸ್ಟರಿನಲ್ಲಿರುವ ಬಿಳಿ ಮುಖವಾಡಕ್ಕೆ ಎರಡೂ ಕಣ್ಣಿವೆ, ಗಮನಿಸಿದ್ದೀರಾ? ವೇದಿಕೆ ಮೇಲೆ ಹಾಕುವುದು ಅರ್ಧ ಮುಖದ್ದು. ಇಡೀ ಮುಖ ಮುಚ್ಚಿದರೆ ಹಾಡುವುದು ಹೇಗೆ, ಜನ ನಟನನ್ನು ನೋಡುವುದು ಹೇಗೆ. ಅರ್ಧ ಮುಖವಾಡದ ರೂಪ ವಸ್ತ್ರವಿನ್ಯಾಸದ ಮಾರಿಯಾ ಬಿಯೋರ್ನ್‌ಸನ್ ಅವರದು, ಆ ಮೆಟ್ಟಿಲು, ದೀಪದ ಗೊಂಚಲು ಎಲ್ಲ ಅವರದೇ.

ಶಿಸ್ತಿನಸಿಪಾಯಿ
ಮೂಲ ಪ್ರಶ್ನೆ: ಆಮೇಲೆ ಏನಾದರು. ಅದಕ್ಕೆ ಇನ್ನೂ ಯಾರೂ ಬಂದಿಲ್ಲ.

ತೆರೆಮರೆ
ಬರ್ತೀನಿ ಸಿಪಾಯಿಗಳೇ. ಅದಕ್ಕೆ ಮುಂಚೆ 'ಬಾರ್ನಮ್' ಹೇಳದೆ ಮುಂದೆ ಹೋದರೆ ತಪ್ಪು. ನನ್ನ ಲೆಕ್ಕದಲ್ಲಿ ಅವನ ನಿಜವಾದ ಎತ್ತರ ಅದು, ಫ್ಯಾಂಟಮ್ ಅಲ್ಲ. 1981, ಲಂಡನ್ ಪಲೇಡಿಯಂ, 655 ಆಟ. ಸರ್ಕಸ್ ಕಂಪನಿ ಮಾಲೀಕನ ಕಥೆ. ಅದಕ್ಕೋಸ್ಕರ ನ್ಯೂಯಾರ್ಕಿನ ಬಿಗ್ ಆ್ಯಪಲ್ ಸರ್ಕಸ್ಸಿನ ಶಾಲೆಗೆ ಹೋಗಿ ಹಗ್ಗದ ಮೇಲೆ ನಡೆಯೋದು ಕಲಿತ. ಸರ್ಕಸ್ಸಿನವರಿಗೆ ಅದು ಹುಟ್ಟಿನಿಂದ ಬರುತ್ತದೆ, ಇವನಿಗೆ ಆಗ ನಲವತ್ತರ ಹತ್ತಿರ. ದಿನಾ ರಾತ್ರಿ ವೇದಿಕೆ ಮೇಲೆ ತಂತಿ ಮೇಲೆ ನಡೆದು, ಉಸಿರು ಕೆಡದೆ ಹಾಡಿ, ನಗಿಸಿ, ಲಂಡನ್ ರಂಗಭೂಮಿಯ ದೊಡ್ಡ ಪ್ರಶಸ್ತಿ ಆಲಿವಿಯರ್ ತಗೊಂಡ. ಆ ನಾಟಕದ ಟೀವಿ ಚಿತ್ರೀಕರಣ ಇದೆ, ಹುಡುಕಿ ನೋಡಿ.

ಅದಕ್ಕೂ ಹಿಂದೆ 1974ರಲ್ಲಿ ಡ್ರೂರಿ ಲೇನ್‌ನಲ್ಲಿ 'ಬಿಲ್ಲಿ'. ಸಂಗೀತ ಜಾನ್ ಬ್ಯಾರಿ, ಜೇಮ್ಸ್ ಬಾಂಡ್ ಸಿನಿಮಾಗಳವರು. 904 ಆಟ. ಜೊತೆಯಲ್ಲಿ ಹೊಸ ಹುಡುಗಿ ಎಲೇನ್ ಪೇಜ್, ನಾಲ್ಕು ವರ್ಷ ಬಿಟ್ಟು ಅವಳೇ 'ಎವಿಟಾ' ಆದಳು. ಅಂದರೆ ಫ್ಯಾಂಟಮ್ ಬರೋ ಹೊತ್ತಿಗೆ ಇವನಿಗೆ 44, ಬೆನ್ನಿಗೆ ಎರಡು ದೊಡ್ಡ ನಾಟಕ, ಒಂದು ಮಹಾ ಧಾರಾವಾಹಿ, ಹಾಲಿವುಡ್.

ರಾಗಿಮುದ್ದೆ77
ಹಾಲಿವುಡ್ ಅಂದ್ರಲ್ಲ, 'ಹಲೋ, ಡಾಲಿ!' ಸೋತ ಸಿನಿಮಾ ಅಲ್ವಾ?

ಲಂಡನ್_ಮಳೆ
ಖರ್ಚು ವಿಪರೀತ, ಬಂದ ದುಡ್ಡು ಸಾಲಲಿಲ್ಲ. ನಿರ್ದೇಶನ ಜೀನ್ ಕೆಲ್ಲಿ, ನಾಯಕಿ ಬಾರ್ಬ್ರಾ ಸ್ಟ್ರೈಸೆಂಡ್, ಆದರೂ. ಅಂಥ ಸಂಗೀತದ ಚಿತ್ರಗಳ ಕಾಲ ಆಗಲೇ ಮುಗಿಯುತ್ತಾ ಬಂದಿತ್ತು. ಅದಕ್ಕೆ ಮೊದಲು 1967ರಲ್ಲಿ ಜಾನ್ ಲೆನನ್ ಜೊತೆ ಒಂದು ಯುದ್ಧದ ವಿಡಂಬನೆ ಚಿತ್ರದಲ್ಲೂ ಇದ್ದಾನೆ. ಬೀಟಲ್ಸ್‌ನ ಲೆನನ್, ಹೌದು. ಅದರಲ್ಲಿ ನಾಯಕ ಕ್ರಾಫರ್ಡ್, ಲೆನನ್ ಪಕ್ಕದ ಪಾತ್ರ.

ಚಿತ್ರಾನ್ನ_ಚಕ್ರವರ್ತಿ
ಕ್ರಾಫರ್ಡ್ ಅನ್ನೋದು ಬಿಸ್ಕತ್ತಿನ ಹೆಸರು ಅಂತ ಎಲ್ಲೋ ಕೇಳಿದ್ದೆ. ನಿಜವಾ ಅಥವಾ ಯಾರೋ ಬಿಟ್ಟ ಬುರುಡೆನಾ?

ತೆರೆಮರೆ
ನಿಜ. ಹುಟ್ಟಿದ ಹೆಸರು ಮೈಕಲ್ ಪ್ಯಾಟ್ರಿಕ್ ಸ್ಮಿತ್. ಕ್ರಾಫರ್ಡ್ಸ್ ಬಿಸ್ಕತ್ತಿನ ಲಾರಿ ಮೇಲೆ ಬರೆದಿದ್ದನ್ನು ನೋಡಿ ವೇದಿಕೆಗೆ ಆ ಹೆಸರು ಇಟ್ಟುಕೊಂಡ.

ಚಿತ್ರಾನ್ನ_ಚಕ್ರವರ್ತಿ
ನಮ್ಮಲ್ಲಿ ಹಾಗೆ ಮಾಡಿದ್ದರೆ ಎಷ್ಟು ನಾಯಕರು ಪಾರ್ಲೆ ಕುಮಾರ್ ಆಗಿರುತ್ತಿದ್ದರು 😄

ಅರೆಗಾಯಕ
ಚಿತ್ರಾನ್ನ, ದಯವಿಟ್ಟು 😄 ತೆರೆಮರೆ ಅಣ್ಣ, ಮುಂದುವರಿಸಿ. ಫ್ಯಾಂಟಮ್ ಆದಮೇಲೆ?

ತೆರೆಮರೆ
1986 ಅಕ್ಟೋಬರ್ 9ರಂದು ಲಂಡನ್ನಿನ ಹರ್ ಮೆಜೆಸ್ಟೀಸ್ ಥಿಯೇಟರ್‌ನಲ್ಲಿ ಶುರು, ಅದಕ್ಕೂ ಆಲಿವಿಯರ್ ಬಂತು. ಒಂದು ವರ್ಷ ಆಡಿ 87ರ ಅಕ್ಟೋಬರಲ್ಲಿ ಲಂಡನ್ ಬಿಟ್ಟ. 88ರ ಜನವರಿಗೆ ನ್ಯೂಯಾರ್ಕಿನ ಬ್ರಾಡ್‌ವೇ, ಅಲ್ಲಿಯ ದೊಡ್ಡ ರಂಗಪ್ರಶಸ್ತಿ ಟೋನಿ. 89ರಲ್ಲಿ ಲಾಸ್ ಏಂಜಲಿಸ್, ಅಲ್ಲೂ ಸುಮಾರು ಒಂದು ವರ್ಷ. ಒಟ್ಟು 1,300ಕ್ಕೂ ಜಾಸ್ತಿ ಸಲ ಆ ಮುಖ ಹಚ್ಚಿದ್ದಾನೆ. ಮೂರೂವರೆ ವರ್ಷ ಒಂದೇ ಪಾತ್ರದಲ್ಲಿ ಕಳೆದುಹೋಯಿತು ಅಂತ ಬೇಕಾದರೆ ಹೇಳಬಹುದು.

ಆಮೇಲೆ ಕಛೇರಿಗಳು, ಆಲ್ಬಮ್‌ಗಳು. 1995ರಲ್ಲಿ ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್‌ನಲ್ಲಿ ದೊಡ್ಡ ಆಟ, ಹಾರೋದು ಬೀಳೋದು ಎಲ್ಲ. ಅಲ್ಲಿ ಪೆಟ್ಟು ಮಾಡಿಕೊಂಡು 96ರಲ್ಲಿ ಬಿಟ್ಟ. ಎಪ್ಪತ್ತರ ದಶಕದಿಂದ ಮೈಯನ್ನು ದುಡಿಸಿಕೊಂಡವನಿಗೆ ಮೈ ಲೆಕ್ಕ ಕೇಳಿತು.

ಸ್ವರಸಂಶಯ
2002ರ ರಕ್ತಪಿಶಾಚಿ ನಾಟಕ ಯಾಕೆ ಹಾರಿಸಿದಿರಿ? 'ಡ್ಯಾನ್ಸ್ ಆಫ್ ದಿ ವ್ಯಾಂಪೈರ್ಸ್'. ಬ್ರಾಡ್‌ವೇಯಲ್ಲಿ 56 ಆಟಕ್ಕೆ ಮುಚ್ಚಿತು, 1.2 ಕೋಟಿ ಡಾಲರ್ ಮುಳುಗಿತು. ಯುರೋಪಿನಲ್ಲಿ ಅದೇ ನಾಟಕ ಗಂಭೀರವಾಗಿ ಆಡಿ ಗೆದ್ದಿತ್ತು. ಬ್ರಾಡ್‌ವೇಗೆ ಬಂದಾಗ ಅದನ್ನು ಹಾಸ್ಯ ಮಾಡಿಬಿಟ್ಟರು, ಅದರಲ್ಲಿ ನಾಯಕನ ಕೈಯೂ ಇತ್ತು. ಫ್ಯಾಂಟಮ್ ಥರ ಕಾಣಬಾರದು ಅನ್ನೋ ಹೆದರಿಕೆ. ಅರೆಗಾಯಕ ಅವರ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಪಾತ್ರ ನುಂಗಿತು ಅಂದರೆ ಇದೇ, ಅದರಿಂದ ತಪ್ಪಿಸಿಕೊಳ್ಳೋಕೆ ಹೋಗಿ ಬಿದ್ದದ್ದು.

ಪಿಟೀಲು_ಮೇಡಂ
ಈ ಒಂದು ವಿಷಯದಲ್ಲಿ ನಾನು ನಿಮ್ಮ ಕಡೆ. ಕಪ್ಪು ನಿಲುವಂಗಿ, ರಾತ್ರಿ, ಹುಡುಗಿ, ನೆಲಮಾಳಿಗೆ... ಅದೇ ಸಾಮಾನಿರುವ ಇನ್ನೊಂದು ಅಂಗಡಿಗೆ ಯಾಕೆ ಹೋಗಬೇಕಿತ್ತೋ.

ಲಂಡನ್_ಮಳೆ
ಆದರೆ ಅದರ ಮುಂದಿನದೂ ನೋಡಿ. 2004ರಲ್ಲಿ ವೆಬರ್‌ನದೇ 'ದಿ ವುಮನ್ ಇನ್ ವೈಟ್', ಪ್ಯಾಲೇಸ್ ಥಿಯೇಟರ್. ಕೌಂಟ್ ಫೋಸ್ಕೋ, ದಪ್ಪನೆಯ ಖಳ. ಬಡಕಲು ಮನುಷ್ಯನಿಗೆ ದೊಡ್ಡ ಹೊಟ್ಟೆಯ ಉಡುಪು ತೊಡಿಸಿದ್ದರು. ಒಂದು ಹಾಡಿನಲ್ಲಿ ನಿಜವಾದ ಬಿಳಿ ಇಲಿ ಅವನ ಒಂದು ಕೈಯಿಂದ ಇನ್ನೊಂದು ಕೈಗೆ ಓಡುತ್ತದೆ, ಇವನು ಹಾಡುತ್ತಲೇ ಇರುತ್ತಾನೆ. ಜನ ಅದಕ್ಕೇ ಹುಚ್ಚೆದ್ದು ಚಪ್ಪಾಳೆ ಹೊಡೆಯುತ್ತಿದ್ದರು. ಫ್ರಾಂಕ್ ಸ್ಪೆನ್ಸರ್‌ನ ಮೈಯೇ ಅದು, ಬೇರೆ ಬಟ್ಟೆಯಲ್ಲಿ. ಆದರೆ ಆ ಉಡುಪಿನೊಳಗೆ ಬೆವರಿ ಬೆವರಿ ಆರೋಗ್ಯ ಕೆಟ್ಟಿತು, ಕೆಲವೇ ತಿಂಗಳಲ್ಲಿ ಬಿಡಬೇಕಾಯಿತು. ಆ ಜಾಗಕ್ಕೆ ಮೈಕಲ್ ಬಾಲ್ ಬಂದ. ಆಮೇಲೆ ಎಷ್ಟೋ ವರ್ಷ ಇವನಿಗೆ ವಿಪರೀತ ಸುಸ್ತಿನ ಕಾಯಿಲೆ, ನ್ಯೂಜಿಲೆಂಡಿಗೆ ಹೋಗಿ ಇದ್ದುಬಿಟ್ಟ. "ಎಲ್ಲಿ ಹೋದ" ಅಂದ್ರಲ್ಲ, ಅಕ್ಷರಶಃ ಅಲ್ಲಿಗೇ ಹೋದ.

ಅರೆಗಾಯಕ
ಛೆ. ಇದು ಗೊತ್ತಿರಲಿಲ್ಲ. ಶೀರ್ಷಿಕೆ ಸ್ವಲ್ಪ ಒರಟಾಯಿತೇನೋ.

ರಾಗಿಮುದ್ದೆ77
2004ರ ಫ್ಯಾಂಟಮ್ ಸಿನಿಮಾಗೆ ಅವನನ್ನು ಯಾಕೆ ಹಾಕಲಿಲ್ಲ ಅಂತ ಮೊದಲು ಹೇಳಿ. ಜೆರಾರ್ಡ್ ಬಟ್ಲರ್ ಹಾಡು ಕೇಳಿ ನನಗೆ ಹೊಟ್ಟೆ ಉರಿದಿತ್ತು.

ತೆರೆಮರೆ
ತೊಂಬತ್ತರ ಶುರುವಿನಲ್ಲೇ ಕ್ರಾಫರ್ಡ್, ಬ್ರೈಟ್‌ಮನ್ ಇಬ್ಬರನ್ನೂ ಹಾಕಿ ತೆಗೆಯೋ ಯೋಚನೆ ಇತ್ತು. ಅಷ್ಟರಲ್ಲಿ ವೆಬರ್ ಮತ್ತು ಬ್ರೈಟ್‌ಮನ್‌ಗೆ ವಿಚ್ಛೇದನ ಆಯಿತು, ಸಿನಿಮಾ ಅಟ್ಟ ಸೇರಿತು. ಹದಿನಾಲ್ಕು ವರ್ಷ ಆದಮೇಲೆ ತೆಗೆಯುವಾಗ ಇವನಿಗೆ ಅರವತ್ತು ದಾಟಿತ್ತು, ನಿರ್ದೇಶಕ ಜೋಯೆಲ್ ಶುಮಾಕರ್‌ಗೆ ಚಿಕ್ಕ ವಯಸ್ಸಿನ ಜೋಡಿ ಬೇಕಿತ್ತು. ಅಭಿಮಾನಿಗಳು ಅಭಿಯಾನ ಮಾಡಿದರು, ಪ್ರಯೋಜನ ಆಗಲಿಲ್ಲ.

ಸ್ವರಸಂಶಯ
ಬಟ್ಲರ್ ವಿಷಯದಲ್ಲಿ ಜಗಳ ಆಡಲ್ಲ. ಎಲ್ಲದಕ್ಕೂ ಮಿತಿ ಇದೆ.

ಮೆಟ್ರೋ_ಮಂಜುಳಾ
ನಾನು 2025ರ ಮಾರ್ಚಲ್ಲಿ ಮುಂಬೈಗೆ ಹೋಗಿ ಫ್ಯಾಂಟಮ್ ನೋಡಿದೆ, ನೀತಾ ಮುಕೇಶ್ ಅಂಬಾನಿ ಕಲ್ಚರಲ್ ಸೆಂಟರ್‌ನಲ್ಲಿ. ಬೆಂಗಳೂರಿಂದ ಮೂರು ಜನ ಗೆಳತಿಯರು. ಹೋಟೆಲಿನವನು ಬುಕಿಂಗೇ ಇಲ್ಲ ಅಂತ ಹೇಳಿ ರಾತ್ರಿ ಹನ್ನೊಂದಕ್ಕೆ ಬೀದಿಗೆ ಬಿಟ್ಟ, ಆ ಕಥೆ ಬೇರೆ. ನಾಟಕ ಶುರುವಾಗಿ ಆ ದೀಪದ ಗೊಂಚಲು ಮೇಲೇಳುವಾಗ ಆರ್ಗನ್ ಬಾರಿಸಿದರಲ್ಲ, ಮೈ ಜುಮ್ ಅಂತು. ಬಿಡುವಿನಲ್ಲಿ ಪಕ್ಕದ ಹಿರಿಯರು ಹೇಳಿದರು, ಇಡೀ ಆಟದಲ್ಲಿ ಫ್ಯಾಂಟಮ್ ವೇದಿಕೆ ಮೇಲೆ ಇರೋದು ಅರ್ಧ ಗಂಟೆ ಸುತ್ತಮುತ್ತ ಅಂತ. ನಂಬೋಕೆ ಆಗಲಿಲ್ಲ. ಎರಡೂವರೆ ಗಂಟೆ ಅವನೇ ಇದ್ದ ಹಾಗೆ ಅನ್ನಿಸಿತ್ತು.

ಲಂಡನ್_ಮಳೆ
ಮಂಜುಳಾ, ಲಂಡನ್ನಿನಲ್ಲಿ ಈಗ ನೋಡಿದರೆ ಹಳಬರು ಮುಖ ಹಿಂಡುತ್ತಾರೆ. ಕೋವಿಡ್ ಆದಮೇಲೆ 2021ರಲ್ಲಿ ಮತ್ತೆ ಶುರು ಮಾಡಿದಾಗ ವಾದ್ಯದವರನ್ನು 27ರಿಂದ 14ಕ್ಕೆ ಇಳಿಸಿದರು. ದುಡ್ಡು ಉಳಿಸೋಕೆ, ಇನ್ನೇನು. ಬ್ರಾಡ್‌ವೇಯಲ್ಲಂತೂ 2023ರ ಏಪ್ರಿಲ್‌ನಲ್ಲಿ ಮುಚ್ಚೇಬಿಟ್ಟಿತು, 13,981 ಆಟ ಆಡಿ.

ಪಿಟೀಲು_ಮೇಡಂ
27 ಎಲ್ಲಿ, 14 ಎಲ್ಲಿ! ಉಳಿದದ್ದನ್ನು ಕೀಬೋರ್ಡ್ ತುಂಬಬೇಕು. ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ನನಗೆ ಹೇಳೋದು ಬೇಕಾದಷ್ಟಿದೆ.

ಶಿಸ್ತಿನಸಿಪಾಯಿ
ಬ್ರಾಡ್‌ವೇ ಅಂದಾಗ ನೆನಪಾಯಿತು. 1987ರಲ್ಲಿ ಅಮೆರಿಕದ ನಟರ ಸಂಘ ಇಂಗ್ಲಿಷ್ ನಟರಿಗೆ ತಕರಾರು ಮಾಡಿತ್ತಲ್ಲವೇ? ಕ್ರಾಫರ್ಡ್ ಅವರಿಗೆ ಹೇಗೆ ಬಿಟ್ಟರು?

ತೆರೆಮರೆ
ತಕರಾರು ಬ್ರೈಟ್‌ಮನ್ ಮೇಲೆ. ಇವನನ್ನು ತಾರೆ ಅಂತ ಒಪ್ಪಿದರು, ಅವಳು ಅಷ್ಟು ದೊಡ್ಡವಳಲ್ಲ, ನಮ್ಮಲ್ಲೇ ಹುಡುಗಿಯರಿಲ್ಲವಾ ಅಂದರು. ಕೊನೆಗೆ ವೆಬರ್ ತನ್ನ ಮುಂದಿನ ಲಂಡನ್ ನಾಟಕಕ್ಕೆ ಒಬ್ಬ ಅಮೆರಿಕದ ನಟರನ್ನು ತಗೋತೀನಿ ಅಂತ ಒಪ್ಪಿದಮೇಲೆ ಬಿಟ್ಟರು. ಕೊಟ್ಟು ತಗೊಂಡ ವ್ಯವಹಾರ.

ಮತ್ತೆ ಪ್ರಶ್ನೆಯ ಕೊನೆ ಭಾಗ. 2011ರಲ್ಲಿ ವಾಪಸ್ ಬಂದ, ಅದೇ ಪಲೇಡಿಯಂಗೆ, 'ವಿಜರ್ಡ್ ಆಫ್ ಆಜ್' ನಾಟಕದಲ್ಲಿ ಮಾಂತ್ರಿಕನಾಗಿ. ಬಾರ್ನಮ್ ಮಾಡಿ ಸರಿಯಾಗಿ ಮೂವತ್ತು ವರ್ಷ. 2016ರಲ್ಲಿ, 74ನೇ ವಯಸ್ಸಿನಲ್ಲಿ, ಅಪೋಲೋ ಥಿಯೇಟರ್‌ನಲ್ಲಿ 'ದಿ ಗೋ-ಬಿಟ್ವೀನ್'. ಇಡೀ ನಾಟಕಕ್ಕೆ ವೇದಿಕೆ ಮೇಲೆ ಒಂದೇ ಒಂದು ಪಿಯಾನೋ. ತನ್ನ ಬಾಲ್ಯವನ್ನು ಪಕ್ಕದಲ್ಲೇ ನಿಂತು ನೋಡುವ ಮುದುಕನ ಪಾತ್ರ. ಮುಖವಾಡ ಇಲ್ಲ, ತಂತಿ ಇಲ್ಲ, ಇಲಿ ಇಲ್ಲ.

ಲಂಡನ್_ಮಳೆ
ಅದನ್ನು ನಾನು ನೋಡಿದ್ದೇನೆ. ಬುಧವಾರ ಮಧ್ಯಾಹ್ನದ ಆಟ, ಬಾಲ್ಕನಿ ಅರ್ಧ ಖಾಲಿ. ದನಿ ಹಳೆಯದಾಗಿತ್ತು, ಮೇಲೆ ಹೋದಾಗ ಒಂಚೂರು ಬಿರುಕು. ಆದರೆ ಎಳೆಯುವ ರೀತಿ ಅದೇ, ಮೇಡಂ ಹೇಳಿದ ನೂಲು. ನನ್ನ ಮುಂದಿನ ಸಾಲಿನಲ್ಲಿ ಇಬ್ಬರು ಅಜ್ಜಿಯರು ಬಿಡುವಿನಲ್ಲಿ ಮಾತಾಡ್ತಿದ್ದರು, "ಬೆರೆಟ್ ಹಾಕಿಲ್ಲವಲ್ಲ ಇವನು" ಅಂತ.

ರಾಗಿಮುದ್ದೆ77
😂😂 ಪಾಪ! ನಲವತ್ತು ವರ್ಷ ಆದರೂ ಟೋಪಿ ಬಿಡಲಿಲ್ಲ.

ಸ್ವರಸಂಶಯ
ಆದರೆ ಅದೇ ವರ್ಷ ಒಂದು ಧರ್ಮಾರ್ಥ ಟೀವಿ ಕಾರ್ಯಕ್ರಮಕ್ಕೆ ಅವನೇ ಬೆರೆಟ್ ಹಾಕಿಕೊಂಡು ಫ್ರಾಂಕ್ ಆಗಿ ಬಂದಿದ್ದ. ಅಂದಮೇಲೆ ಅಜ್ಜಿಯರನ್ನು ದೂರಬೇಡಿ. 2025ರಲ್ಲಿ ಅಮೆರಿಕದವರು ಕೆನಡಿ ಸೆಂಟರ್ ಗೌರವ ಕೊಟ್ಟದ್ದು ಮಾತ್ರ ಫ್ಯಾಂಟಮ್‌ಗೆ, ಅವರಿಗೆ ಫ್ರಾಂಕ್ ಯಾರು ಅಂತ ಗೊತ್ತಿದೆಯೋ ಇಲ್ಲವೋ.

ಇರಲಿ, ಮೇಡಂ ಹೇಳಿದರು ಅಂತ ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು 'ಮ್ಯೂಸಿಕ್ ಆಫ್ ದಿ ನೈಟ್' ಕೇಳಿದೆ. ಇನ್ನೂ ಮೂಗು ಅಂತಲೇ ಹೇಳ್ತೀನಿ. ಎರಡು ಸಲ ಕೇಳಿದೆ ಅನ್ನೋದು ಬೇರೆ ವಿಷಯ.

ಪಿಟೀಲು_ಮೇಡಂ
ಮೂರನೇ ಸಲ ದೀಪ ಆರಿಸಿ ಕೇಳಿ.

ಅರೆಗಾಯಕ
ಎಲ್ಲರಿಗೂ ಧನ್ಯವಾದ. ಮಗಳಿಗೆ ರೋಲರ್ ಸ್ಕೇಟ್ ತುಣುಕು ತೋರಿಸಿದೆ, ಬಿದ್ದು ಬಿದ್ದು ನಕ್ಕಳು. ಆಮೇಲೆ ಫ್ಯಾಂಟಮ್ ಹಾಕಿದೆ. ಎರಡೂ ಒಬ್ಬನೇ ಅಂದರೆ ಒಪ್ಪುತ್ತಿಲ್ಲ, ಅಪ್ಪ ಸುಳ್ಳು ಹೇಳ್ತಿದ್ದಾರೆ ಅಂತ ಅಮ್ಮನ ಹತ್ತಿರ ದೂರು ಕೊಟ್ಟಿದ್ದಾಳೆ.

ಚಿತ್ರಾನ್ನ_ಚಕ್ರವರ್ತಿ
ಬಿಸ್ಕತ್ತಿನ ವಿಷಯ ಹೇಳಿದ್ರಾ ಅವಳಿಗೆ?